ಬೋರ್ಡ್ ಹೋಗಿರಲಿಲ್ಲ

ಹೋದ ಮಳೆಗಾಲದ ಒಂದು ಸಂಜೆ. ನಮ್ಮೂರಿಂದ 11 ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಕೆರೆ ಕೋಡಿ ಬಿದ್ದು, ಹಳ್ಳದ ನೀರು ಕೆಳಗಿನ ಕೇರಿಗೆ ನುಗ್ಗಿತ್ತು. ಬೈಕ್ ಹತ್ತಿ ಹೋದೆ. ಕತ್ತಲಲ್ಲಿ ನನ್ನ ಫೋನ್‌ನಲ್ಲಿ ಫೋಟೊ ಸರಿ ಬರಲ್ಲ, ಫ್ಲ್ಯಾಶ್ ಇರುವ ಹಳೇ ಕ್ಯಾಮೆರಾದಲ್ಲೇ ತೆಗೆದೆ. ಮೂರು ಮನೆಗಳ ಗೋಡೆ ಕುಸಿದಿದ್ದವು. ಅದರಲ್ಲಿ ಒಂದು ಒಂಟಿ ಅಜ್ಜಿಯ ಮನೆ. "ನನ್ ಹೆಸ್ರು ಸರಿಯಾಗಿ ಬರ್ಕಳಪ್ಪ, ಪೇಪರ್‌ನಾಗೆ ಬಂದ್ರೆ ಯಾರಾನ ಬಂದು ನೋಡ್ತಾರೆ" ಅಂದರು. ಬರೆದುಕೊಂಡೆ.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದಾಗ 7.40. ಜಿಲ್ಲಾ ಪುಟ ಮುಗಿಯುವುದು 8.30ಕ್ಕೆ. ಐವತ್ತು ನಿಮಿಷ ಅಂದರೆ ನನ್ನಂಥ ಸ್ಟ್ರಿಂಜರ್‌ಗೆ ಧಾರಾಳ. ಆದರೆ ಪರದೆ ಮೇಲೆ ನೀಲಿ ಉಂಗುರ ತಿರುಗುವುದಕ್ಕೆ ಶುರುವಾಯಿತು. ಕ್ಯಾಮೆರಾ ಕಾರ್ಡ್ ಹಾಕಿದೆ, ಫೋಲ್ಡರ್ ತೆರೆಯಲಿಲ್ಲ. ನುಡಿಯಲ್ಲಿ ಟೈಪ್ ಮಾಡಿದ ಸಾಲು ಅರ್ಧ ನಿಮಿಷ ಬಿಟ್ಟು ಕಾಣುತ್ತಿತ್ತು. 8.10ಕ್ಕೆ ಎಲ್ಲವೂ ನಿಂತೇ ಹೋಯಿತು. ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ. ಮತ್ತೆ ಆನ್ ಆಗಲು ಅದಕ್ಕೆ ಆರೇಳು ನಿಮಿಷ ಬೇಕು, ಆದ ಮೇಲೂ ಹತ್ತು ನಿಮಿಷ ಏದುಸಿರು. 8.25ಕ್ಕೆ ಡೆಸ್ಕ್‌ಗೆ ಫೋನ್ ಮಾಡಿ ಬಾಯಲ್ಲೇ ನಾಲ್ಕು ಸಾಲು ಹೇಳಿದೆ.

ಮರುದಿನ ಬಂದಿದ್ದು ಎರಡು ಸಾಲು. ಫೋಟೊ ಇಲ್ಲ, ಅಜ್ಜಿಯ ಹೆಸರಿಲ್ಲ, ಊರಿನ ಹೆಸರಲ್ಲೂ ಒಂದಕ್ಷರ ತಪ್ಪು. ಮೂರನೇ ದಿನ ಸಂತೆಯಲ್ಲಿ ಆ ಊರಿನವರೊಬ್ಬರು ಸಿಕ್ಕು, "ಬರ್ಕಂಡ್ ಹೋದೋರು ಏನ್ ಮಾಡಿದ್ರಿ ಸಾರ್?" ಅಂದರು. ಲ್ಯಾಪ್‌ಟಾಪ್ ಹ್ಯಾಂಗ್ ಆಗಿತ್ತು ಅನ್ನುವುದು ಗೋಡೆ ಬಿದ್ದವರ ಮುಂದೆ ಹೇಳುವ ಮಾತಲ್ಲ. ಟೀ ಕುಡಿಸಿ ಕಳಿಸಿದೆ.

ಈ ಲ್ಯಾಪ್‌ಟಾಪ್ ತಗೊಂಡಿದ್ದು 2017ರಲ್ಲಿ, ಸಂಘದಲ್ಲಿ ಸಾಲ ಮಾಡಿ. 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಮೊದಲೆರಡು ವರ್ಷ ಕುದುರೆ ಹಾಗೆ ಓಡಿತು. ಡಿಪ್ಲೊಮಾದಲ್ಲಿ ನಮಗೆ ಸುದ್ದಿಯ ಮೊದಲ ಪ್ಯಾರಾ ಬರೆಯುವುದು ಹೇಳಿಕೊಟ್ಟರು, ಪುಟ ಕಟ್ಟುವುದು ಹೇಳಿಕೊಟ್ಟರು. ಕಂಪ್ಯೂಟರ್ ಯಾಕೆ ಉಬ್ಬಸ ಪಡುತ್ತೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಪೇಟೆಯ ಅಂಗಡಿಗೆ ಒಯ್ದೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, ಬಿಚ್ಚದೆಯೇ ಹೇಳಿದರು: "ಬೋರ್ಡ್ ವೀಕ್ ಆಗಿದೆ ಸಾರ್. ಇದಕ್ಕೆ ದುಡ್ಡು ಹಾಕ್ಬೇಡಿ. ಹಳೇದನ್ನ 3 ಸಾವಿರಕ್ಕೆ ಹಿಡ್ಕೊಂತೀನಿ, ಹೊಸದು 38 ಸಾವಿರ." ನನ್ನ ಲೆಕ್ಕ ಯಾವಾಗಲೂ ಹೊಲದ ಲೆಕ್ಕ. ಆ ವರ್ಷ ನಮಗೆ ಸಿಕ್ಕ ರೇಟಿಗೆ 38 ಸಾವಿರ ಅಂದರೆ ಸುಮಾರು 18 ಕ್ವಿಂಟಲ್ ಮೆಕ್ಕೆಜೋಳ. ಸುದ್ದಿಗಿಷ್ಟು, ಫೋಟೊಗಿಷ್ಟು ಅಂತ ಬರುವ ದುಡ್ಡಿನಲ್ಲಿ ಅದನ್ನು ತೀರಿಸುವುದಕ್ಕೆ ಎಷ್ಟು ವರ್ಷ ಅಂತ ಲೆಕ್ಕ ಹಾಕಲು ಹೋಗಲಿಲ್ಲ. "ಕೇಳಿ ಹೇಳ್ತೀನಿ" ಅಂದು ಎತ್ತಿಕೊಂಡು ಬಂದೆ.

ಭಾನುವಾರ ಅಕ್ಕನ ಮಗ ಬಂದಿದ್ದ. ಪಾಲಿಟೆಕ್ನಿಕ್ ಎರಡನೇ ವರ್ಷ. ಬೋರ್ಡ್ ಕಥೆ ಕೇಳಿ ನಕ್ಕ. "ಮಾವ, ಅದೇನು ತಿಂತಾ ಇದೆ ಅಂತ ಒಂದ್ಸಲನಾದ್ರೂ ನೋಡಿದ್ರಾ?" ನೋಡಿರಲಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದ. ಟಾಸ್ಕ್ ಮ್ಯಾನೇಜರ್ ಅನ್ನೋ ಕಿಟಕಿ ತೆರೆಯಿತು. ಎಂಟು ವರ್ಷದಲ್ಲಿ ನಾನು ಅದನ್ನು ತೆರೆದವನೇ ಅಲ್ಲ. ಮೆಮೊರಿ 94%. ಡಿಸ್ಕ್ 100%. ಪ್ರೊಸೆಸರ್ ಮಾತ್ರ 20ರ ಆಸುಪಾಸಿನಲ್ಲಿ ಆರಾಮಾಗಿತ್ತು.

ಈ ಎರಡು ಸಂಖ್ಯೆ ಒಟ್ಟಿಗೆ ಏರುವುದು ಯಾಕೆ ಅಂತ ಅವನು ಇಂಗ್ಲಿಷಿನಲ್ಲಿ ಹೇಳಿದ. ನನಗೆ ಅರ್ಥವಾಗಿದ್ದು ಹೀಗೆ. ರ‍್ಯಾಮ್ ಅಂದರೆ ಕಣ, ಹಾರ್ಡ್ ಡಿಸ್ಕ್ ಅಂದರೆ ಕಣಜ. ಕೆಲಸ ನಡೆಯುವುದೆಲ್ಲ ಕಣದಲ್ಲಿ. ಕಣ ಚಿಕ್ಕದಿದ್ದು ರಾಶಿ ಜಾಸ್ತಿ ಆದರೆ ಏನು ಮಾಡುತ್ತೀರಿ? ಅರ್ಧ ರಾಶಿ ತುಂಬಿ ಕಣಜಕ್ಕೆ ಸಾಗಿಸುತ್ತೀರಿ, ಬೇಕಾದಾಗ ಮತ್ತೆ ಹೊತ್ತು ತರುತ್ತೀರಿ. ಕೆಲಸ ಆಗುತ್ತೆ, ಆದರೆ ದಿನವೆಲ್ಲ ಹೊರುವುದೇ ಆಗುತ್ತೆ. ಲ್ಯಾಪ್‌ಟಾಪ್ ಕೂಡ ರ‍್ಯಾಮ್ ತುಂಬಿದಾಗ ಡಿಸ್ಕ್‌ನ ಒಂದು ಮೂಲೆಗೆ ಹೀಗೇ ಹೊರುತ್ತಾ ಕೂರುತ್ತೆ. ಆ ಮೂಲೆಗೆ ಪೇಜ್ ಫೈಲ್ ಅಂತ ಹೆಸರು. ನನ್ನದು ಹಳೇ ನಮೂನೆಯ, ಒಳಗೆ ತಟ್ಟೆ ತಿರುಗುವ ಡಿಸ್ಕ್. ಅದರಿಂದ ಹೊತ್ತು ತರುವುದು ಎತ್ತಿನಗಾಡಿ ವೇಗ.

ಸರಿ, ಕಣದಲ್ಲಿ ರಾಶಿ ಹಾಕಿದವರು ಯಾರು? ಮೆಮೊರಿ ಅನ್ನೋ ಪದದ ಮೇಲೆ ಒತ್ತಿದರೆ ಹೆಚ್ಚು ತಿನ್ನುವವರು ಮೇಲೆ ಬರುತ್ತಾರೆ. ಮೊದಲನೆಯದು ಬ್ರೌಸರ್, ಅದರಲ್ಲಿ ನಾನು ತೆರೆದಿಟ್ಟ 23 ಟ್ಯಾಬ್. ವಾಟ್ಸ್‌ಆ್ಯಪ್ ವೆಬ್, ಮೇಲ್, ನಾಲ್ಕು ಇ-ಪೇಪರ್, ಹವಾಮಾನ, ಯಾವತ್ತೋ ತೆರೆದ ಸರ್ಕಾರಿ ಆದೇಶ. "ಆಮೇಲೆ ಓದೋಣ" ಅಂತ ಬಿಟ್ಟ ಒಂದೊಂದು ಟ್ಯಾಬ್ ಕೂಡ ಜಾಗ ಹಿಡಿದು ಕೂತಿತ್ತು.

ಎರಡನೆಯದಕ್ಕೆ ನಾಚಿಕೆಯಾಯಿತು. ನಿಧಾನ ಆದಾಗಲೆಲ್ಲ ನಾನು ವೈರಸ್ ಅಂತಲೇ ನಂಬಿದ್ದೆ. ಒಂದು ಆಂಟಿವೈರಸ್ ಇತ್ತು, ಸಾಲದು ಅಂತ ಇನ್ನೊಂದು ಹಾಕಿದ್ದೆ. ವಿಂಡೋಸ್ ಜೊತೆಗೇ ಒಂದು ಕಾವಲುಗಾರ ಬಂದಿರುತ್ತಾನೆ ಅಂತ ಗೊತ್ತಿರಲಿಲ್ಲ. ಇಬ್ಬರೂ ಒಂದೇ ಫೈಲನ್ನು ಎಳೆದಾಡಿಕೊಂಡು ತಪಾಸಣೆ ಮಾಡುತ್ತಿದ್ದರು. ಇದರ ಮೇಲೆ, ವೇಗ ಹೆಚ್ಚಿಸುತ್ತೇನೆ ಅಂದ ಒಂದು ಬೂಸ್ಟರ್. ಎಲ್ಲೋ ಜಾಹೀರಾತು ನೋಡಿ ಇಳಿಸಿಕೊಂಡಿದ್ದು. ಅದೂ ಹಗಲೂರಾತ್ರಿ ಓಡುತ್ತಿತ್ತು. ಹೊಟ್ಟೆಬಾಕನನ್ನು ಓಡಿಸಲು ಕರೆದವನೂ ಪಂಕ್ತಿಯಲ್ಲಿ ಕೂತಿದ್ದ!

ಒಂದು ಆಂಟಿವೈರಸ್ ತೆಗೆದು ರೀಸ್ಟಾರ್ಟ್, ಇನ್ನೊಂದು ತೆಗೆದು ರೀಸ್ಟಾರ್ಟ್, ಬೂಸ್ಟರ್ ತೆಗೆದು ರೀಸ್ಟಾರ್ಟ್. ಆಮೇಲೆ ವಿಂಡೋಸ್‌ನ ಕಾವಲುಗಾರ ಎದ್ದಿದ್ದಾನೆಯೇ ಅಂತ ನೋಡಿದೆವು, ಎದ್ದಿದ್ದ. ಟಾಸ್ಕ್ ಮ್ಯಾನೇಜರ್‌ನಲ್ಲೇ ಸ್ಟಾರ್ಟ್‌ಅಪ್ ಅಂತ ಒಂದು ವಿಭಾಗ ಇದೆ. ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಯಾರು ಯಾರು ಜೊತೆಗೆ ಏಳುತ್ತಾರೆ ಅಂತ ಅಲ್ಲಿ ಕಾಣುತ್ತೆ. ಕೊರೊನಾ ಕಾಲದಲ್ಲಿ ಹಾಕಿದ ಮೀಟಿಂಗ್ ಆ್ಯಪ್, ಮಾರಿಬಿಟ್ಟ ಪ್ರಿಂಟರ್‌ನ ಸಾಫ್ಟ್‌ವೇರ್, ಹಾಡಿನ ಆ್ಯಪ್, ಹೀಗೆ 14 ಜನ. ಗುರುತು ಸಿಕ್ಕ 9 ನಿಲ್ಲಿಸಿದೆವು. ಗುರುತು ಸಿಗದ್ದನ್ನು ಮುಟ್ಟಲಿಲ್ಲ. ನೀವೂ ಮುಟ್ಟಬೇಡಿ.

ಇನ್ನೊಂದು ನನ್ನ ಚಾಳಿ. ಕೆಲಸ ಮುಗಿದ ಮೇಲೆ ಮುಚ್ಚಳ ಮುಚ್ಚಿ ಇಡುವುದು. ಅಪರೂಪಕ್ಕೆ ಶಟ್‌ಡೌನ್ ಮಾಡುತ್ತಿದ್ದೆ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಪೂರ್ತಿ ತೊಳೆದ ಹಾಗಲ್ಲವಂತೆ. ಒಳಗಿನ ಸ್ಥಿತಿ ಸ್ವಲ್ಪ ಹಾಗೇ ಉಳಿಯುತ್ತೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಹೊಸದಾಗಿ ಏಳುವುದು.

ಒಂದು ರೂಪಾಯಿ ಖರ್ಚಿಲ್ಲದೆ, ಏನೂ ತೆರೆಯದೆ ಇರುವಾಗಿನ ಮೆಮೊರಿ 71%ನಿಂದ 50%ಗೆ ಇಳಿಯಿತು. ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಮೆಮೊರಿ ಸೇವರ್ ಆನ್ ಮಾಡಿದ. ಟ್ಯಾಬ್ ಐದು ದಾಟಬಾರದು ಅಂತ ನಾನೇ ಒಂದು ಚೀಟಿ ಬರೆದು ಪರದೆ ಪಕ್ಕ ಅಂಟಿಸಿದೆ. ನನ್ನ ಹೆಂಡತಿ ಅದನ್ನು ಓದಿ, "ಸಿಗರೇಟ್ ಬಿಡೋರು ಹಿಂಗೇ ಬರ್ಕೊಂತಾರೆ" ಅಂದಳು.

ಟೈಪಿಂಗ್ ಸರಿಹೋಯಿತು. ಆದರೆ ಫೋಟೊ ತೆರೆದ ಕೂಡಲೇ ಡಿಸ್ಕ್ ಮತ್ತೆ 100%. ಇಲ್ಲಿಂದ ಮುಂದೆ ದುಡ್ಡಿನ ಕೆಲಸ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿದರೆ ರ‍್ಯಾಮ್ ಹಾಕುವ ಜಾಗ ಎಷ್ಟು, ಖಾಲಿ ಎಷ್ಟು ಅಂತ ತೋರಿಸುತ್ತೆ. ನಮ್ಮದರಲ್ಲಿ ಎರಡರಲ್ಲಿ ಒಂದು ಖಾಲಿ. ಎಂಟು ವರ್ಷದಿಂದ ಖಾಲಿ! ಹುಡುಗ ಹಿಂಬದಿ ಬಿಚ್ಚಿ ಹಳೇ ರ‍್ಯಾಮ್‌ನ ಚೀಟಿ ಓದಿ ಡಿಡಿಆರ್4 ಅಂತ ಬರೆದುಕೊಂಡ. ಡಿಡಿಆರ್3 ತಂದರೆ ಕೂರುವುದೇ ಇಲ್ಲ, ಕಚ್ಚು ಬೇರೆ ಕಡೆ ಇರುತ್ತೆ. ಸೆಕೆಂಡ್ ಹ್ಯಾಂಡ್ 4 ಜಿಬಿ ರ‍್ಯಾಮ್ 900 ರೂಪಾಯಿ, 256 ಜಿಬಿ ಎಸ್‌ಎಸ್‌ಡಿ 1,700, ಹಳೇ ಡಿಸ್ಕ್ ಹಾಕಿಡಲು ಹೊರಗಿನ ಕೇಸ್ 250. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ. ಬರೀ ಚಿಪ್. ವಿಂಡೋಸ್, ನುಡಿ ಹೊಸದಾಗಿ ಹಾಕಲು ಅರ್ಧ ದಿನ ಹಿಡಿಯಿತು. ಸಂಜೆ ಬಟನ್ ಒತ್ತಿದೆ. ಆರೇಳು ನಿಮಿಷ ಕಾಯುವ ಅಭ್ಯಾಸದಲ್ಲಿ ನೀರು ಕುಡಿಯಲು ಎದ್ದವನು ತಿರುಗಿ ನೋಡುವಷ್ಟರಲ್ಲಿ ತೆರೆದು ಕೂತಿತ್ತು.

ಇದು ಹೊಸದಾಯಿತು ಅಂತಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನನ್ನ ಹಳೇ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿದ್ದೇನೆ. ಹುಡುಗ ಲಿನಕ್ಸ್ ಹಾಕೋಣ ಅಂತಾನೆ. ಅದರಲ್ಲಿ ಯುನಿಕೋಡ್ ಕನ್ನಡ ಚೆನ್ನಾಗೇ ಬರುತ್ತೆ, ಆದರೆ ನಮ್ಮ ಡೆಸ್ಕ್‌ಗೆ ಇನ್ನೂ ಹಳೇ ನುಡಿ ಫಾಂಟೇ ಬೇಕು. ಆ ಜಗಳ ಇನ್ನೊಂದು ದಿನ ಬರೆಯುತ್ತೇನೆ.

ಮಳೆ ಸುದ್ದಿ ಹಳತಾಗಿತ್ತು. ಆದರೂ ಆ ಊರಿಗೆ ಮತ್ತೆ ಹೋದೆ. ಗೋಡೆ ಬಿದ್ದ ಕಡೆ ಅಜ್ಜಿ ತಾಡಪತ್ರಿ ಕಟ್ಟಿಕೊಂಡಿದ್ದರು. "ಈಗ ಬಂದ್ಯಾ?" ಅಂದರು, ಅಷ್ಟೇ. ಮೂರೂ ಮನೆಯ ವಿವರ, ಹೆಸರು, ಫೋಟೊ ಸಮೇತ ಸುದ್ದಿ ಮಾಡಿ 6.15ಕ್ಕೇ ಕಳಿಸಿದೆ. ಮೂರು ಕಾಲಂ ಬಂತು. ಪೇಪರ್ ಒಯ್ದು ಕೊಟ್ಟಾಗ, "ನನ್ ಹೆಸ್ರು ಎಲ್ಲೈತೆ?" ಅಂತ ಕೇಳಿ, ನಾನು ಬೆರಳಿಟ್ಟ ಜಾಗದಲ್ಲೇ ತಮ್ಮ ಬೆರಳೂ ಇಟ್ಟರು. ಆ ವಾರವೇ ಗ್ರಾಮ ಆಡಳಿತ ಅಧಿಕಾರಿ ಬಂದು ಅಳತೆ ಮಾಡಿಕೊಂಡು ಹೋದರಂತೆ. ಪೇಪರ್ ನೋಡಿ ಬಂದರೋ, ಹೇಗೂ ಬರುವವರಿದ್ದರೋ ಹೇಳಲಾರೆ. ಪರಿಹಾರದ ದುಡ್ಡು ಇದನ್ನು ಬರೆಯುವವರೆಗೆ ಬಂದಿಲ್ಲ. ಪ್ರತಿ ಸೋಮವಾರ ತಾಲ್ಲೂಕು ಕಚೇರಿಯಲ್ಲಿ ಕೇಳುತ್ತಿದ್ದೇನೆ.

ಕೇಸ್‌ಗೆ ಹಾಕಿದ ಹಳೇ ಡಿಸ್ಕ್ ಮೊನ್ನೆಯಿಂದ ಟಿಕ್ ಟಿಕ್ ಅನ್ನುತ್ತಿದೆ. ಎಂಟು ವರ್ಷದ ಫೋಟೊ ಅದರಲ್ಲೇ ಇವೆ. ಇವತ್ತು ರಾತ್ರಿ ಕೂತು ಬೇರೆ ಕಡೆ ಕಾಪಿ ಮಾಡಬೇಕು.