ಟೀಚರ್ ಯಾರ ಕಡೆ ನೋಡುತ್ತಾರೆ?

ನೀವು ನಿವೃತ್ತ ಮೇಷ್ಟ್ರು ಎಂದುಕೊಳ್ಳಿ. ಮಗಳ ಮನೆಗೆಂದು ಸ್ವೀಡನ್‌ನ ಕಾರ್ಲ್‌ಸ್ಕ್ರೂನಾಕ್ಕೆ ಬಂದಿದ್ದೀರಿ. 1680ರಲ್ಲಿ ನೌಕಾಪಡೆಗಾಗಿ ದ್ವೀಪಗಳ ಮೇಲೆ ಕಟ್ಟಿದ ಊರು. ಯಾವ ಬೀದಿಗೆ ತಿರುಗಿದರೂ ಸಮುದ್ರದ ಗಾಳಿ ಮುಖಕ್ಕೇ ಬಡಿಯುತ್ತದೆ. ಇವತ್ತು ಆಟಿಸಂ ಇರುವ ಮೊಮ್ಮಗನ ತರಗತಿ ನೋಡಲು ಹೊರಟಿದ್ದೀರಿ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹಿಂದೆ ಕೂರುತ್ತೀರಿ. ಮಕ್ಕಳು ಟೀಚರನ್ನು ಹೆಸರು ಹಿಡಿದೇ ಕೂಗುತ್ತಾರೆ, ನಿಮಗೆ ಕಸಿವಿಸಿ. ಮೊಮ್ಮಗನ ಮೇಜಿನ ಮೇಲೆ ದಿನದ ಕೆಲಸಗಳ ಚಿತ್ರಪಟ್ಟಿ, ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್. ಪಕ್ಕದಲ್ಲಿ ಸಹಾಯಕಿ.

ಲೆಕ್ಕದ ಪಾಠ. ಮೊಮ್ಮಗನ ಪೆನ್ಸಿಲ್ ಹಾರಿ ನೆಲಕ್ಕೆ ಬೀಳುತ್ತದೆ. ನಿಮ್ಮ ಎದೆ ಧಸಕ್ಕೆನ್ನುತ್ತದೆ. 'ಇವನನ್ನು ಹೊರಗೆ ಕರ್ಕೊಂಡು ಹೋಗಿ' ಎಂಬ ಮಾತಿಗೆ ಕಾಯುತ್ತೀರಿ. ಟೀಚರ್ ಸಹಾಯಕಿಯ ಕಡೆ ನೋಡುವುದೇ ಇಲ್ಲ. ಹುಡುಗನ ಬಳಿ ಬಂದು ಮಂಡಿಯೂರಿ, ಐದು ಲೆಕ್ಕಗಳಲ್ಲಿ ಎರಡಕ್ಕೆ ಮಾತ್ರ ಗುರುತು ಹಾಕುತ್ತಾರೆ. ಅಷ್ಟರಲ್ಲಿ ಸಹಾಯಕಿ ಕೈ ಎತ್ತಿದ ಇನ್ನೊಂದು ಹುಡುಗಿಯ ಹತ್ತಿರ ಹೋಗಿದ್ದಾಳೆ.

ಇಲ್ಲಿನ 2010ರ ಶಿಕ್ಷಣ ಕಾಯ್ದೆಯ ಪ್ರಕಾರ ಇಂಥ ನೆರವಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕಿಲ್ಲ, ಮಗುವಿಗೆ ಅಗತ್ಯವಿದ್ದರೆ ಸಾಕು. ಹಾಗೆಂದು ಎಲ್ಲರೂ ಒಂದೇ ಶಾಲೆಯಲ್ಲಿಲ್ಲ. ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗೆ ಬೇರೆ ಪಠ್ಯಕ್ರಮದ ಶಾಲೆ ಇಂದಿಗೂ ಇದೆ.

ಬಿಡುವಿನಲ್ಲಿ ಟೀಚರ್ ಜೊತೆ ಕಾಫಿ. ಮಗಳು ನಡುವೆ ಕೂತು ಅವರ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಾಳೆ: 'ಮನಸ್ಸಿದೆಯಂತೆ ಅಪ್ಪಾ, ಸಮಯ ಸಾಲದಂತೆ. ಸಹಾಯಕಿ ರಜೆ ಹಾಕಿದ ದಿನ ಇವರಿಗೂ ಕೈಕಾಲು ಆಡುವುದಿಲ್ಲವಂತೆ.' ನೀವು ತಲೆಯಾಡಿಸುತ್ತೀರಿ. ಟೀಚರ್ ಎಸ್ಸುಂಗಾ ಎಂಬ ಸಣ್ಣ ಊರಿನ ಮಾತು ತೆಗೆಯುತ್ತಾರೆ. 2007ರಲ್ಲಿ ಅದರ ಶಾಲಾ ಫಲಿತಾಂಶ ದೇಶದ 290 ಪೌರಾಡಳಿತಗಳ ಪಟ್ಟಿಯ ತಳದಲ್ಲಿತ್ತು. ವಿಶೇಷ ನೆರವು ಬೇಕಾದ ಮಕ್ಕಳ ಪ್ರತ್ಯೇಕ ಗುಂಪುಗಳನ್ನು ಮುಚ್ಚಿ, ಆ ಮಕ್ಕಳ ಜೊತೆ ವಿಶೇಷ ಶಿಕ್ಷಕರನ್ನೂ ಸಾಮಾನ್ಯ ತರಗತಿಗೇ ಕಳಿಸಿದರು. 2010ರ ಹೊತ್ತಿಗೆ ಊರು ಪಟ್ಟಿಯ ಮೇಲಿನ ಸಾಲಿಗೆ ಬಂತು.

ನಿಮಗೆ ನಿಮ್ಮ ಶಾಲೆಯ ಸ್ಟಾಫ್‌ರೂಮ್ ನೆನಪಾಗುತ್ತದೆ: 'ಆ ಮಗೂನ ಬಿಐಇಆರ್‌ಟಿಯವರು ನೋಡ್ಕೋತಾರೆ ಬಿಡಿ ಸಾರ್.' ಇಡೀ ಬ್ಲಾಕಿನ ಶಾಲೆಗಳನ್ನು ಸುತ್ತಬೇಕಾದ ಆ ಸಂಪನ್ಮೂಲ ಶಿಕ್ಷಕರು ನಿಮ್ಮಲ್ಲಿಗೆ ಬರುತ್ತಿದ್ದದ್ದೇ ಅಪರೂಪ. ನಮ್ಮ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಒಟ್ಟಿಗೆ ಕಲಿಸಿ ಎಂದಿದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರು ಹತ್ತಿದ ಮಾತ್ರಕ್ಕೆ ಮಗು ಆ ತರಗತಿಯದಾಗುವುದಿಲ್ಲ. ಮೇಷ್ಟ್ರು 'ಇವನು ನನ್ನ ಹುಡುಗ' ಎಂದುಕೊಂಡಾಗ ಆಗುತ್ತದೆ. ಹಾಗೆ ಅಂದುಕೊಳ್ಳಲು ಅವರ ಪಕ್ಕದಲ್ಲಿ ಇನ್ನೊಬ್ಬರು ನಿಂತಿರಬೇಕು. ಆ ಇನ್ನೊಬ್ಬರನ್ನು ಕೊಡದೆ ಬರೀ ಮೇಷ್ಟ್ರ ಮನೋಭಾವವನ್ನು ದೂರುವುದು ಸರ್ಕಾರಕ್ಕೂ ಸಮಾಜಕ್ಕೂ ಶೋಭೆಯಲ್ಲ.