ಮರಳಿ ಬಂದ ತಟ್ಟೆ

ಆಶ್ರಮದಲ್ಲಿಯೋ ಆಸ್ಪತ್ರೆಯಲ್ಲಿಯೋ ಇರುವ ಹಿರಿಯರನ್ನು ಕಾಣಲು ಹೋದಾಗ ನಾವು ಮೊದಲು ಕೇಳುವ ಮಾತು ಯಾವುದು? “ಊಟ ಆಯ್ತಾ?” ಅವರ ಉತ್ತರವೂ ಹೆಚ್ಚಾಗಿ ಒಂದೇ: “ಆಯ್ತು.” ಆ ಒಂದು ಶಬ್ದವನ್ನು ನಂಬಿ ನೆಮ್ಮದಿಯಿಂದ ಬಸ್ಸು ಹತ್ತುತ್ತೇವೆ. ನಾನೂ ಮೂರು ತಿಂಗಳು ಹಾಗೆಯೇ ಮನೆಗೆ ಮರಳಿದೆ. ಆ ಮೂರು ತಿಂಗಳಲ್ಲಿ ನನ್ನ ದೊಡ್ಡಪ್ಪನ ತೂಕ ೫೪ ಕಿಲೋದಿಂದ ೪೮ಕ್ಕೆ ಇಳಿದಿತ್ತು.

ದೊಡ್ಡಪ್ಪ ಮಾಗಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರಾಗಿ ಬೆಳೆದು ಬಾಳಿದವರು. ಮಕ್ಕಳಿರಲಿಲ್ಲ. ದೊಡ್ಡಮ್ಮ ತೀರಿಕೊಂಡ ಮರುವರ್ಷ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರೂ ಇರದ ಕಾರಣ ಅವರನ್ನು ಆರೈಕೆ ಕೇಂದ್ರವೊಂದಕ್ಕೆ ಸೇರಿಸಿದೆವು. ನಮ್ಮ ಕಡೆ ‘ನರ್ಸಿಂಗ್ ಹೋಂ’ ಎಂದರೆ ಹೆರಿಗೆಗೋ ಜ್ವರಕ್ಕೋ ನಾಲ್ಕು ದಿನ ಇದ್ದು ಬರುವ ಸಣ್ಣ ಖಾಸಗಿ ಆಸ್ಪತ್ರೆ. ಪರದೇಶಗಳಲ್ಲಿ ಆ ಹೆಸರು ಕೈಲಾಗದ ವೃದ್ಧರು ಕೊನೆಯವರೆಗೂ ವಾಸಿಸುವ ಮನೆಗೆ ಸಲ್ಲುತ್ತದೆ. ದೊಡ್ಡಪ್ಪ ಇದ್ದದ್ದು ಈ ಎರಡನೆಯ ಬಗೆಯ ಮನೆಯಲ್ಲಿ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆದವರು, ಚನ್ನಪಟ್ಟಣದಲ್ಲಿ ಮರದ ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚಿದವರು, ಕನಕಪುರದ ಕಡೆ ರೇಷ್ಮೆ ಹುಳು ಸಾಕಿದ ತಾಯಂದಿರು ಅಲ್ಲಿದ್ದರು. ಬಹುತೇಕ ಎಲ್ಲರೂ ಮುದ್ದೆ ಉಂಡು ಬೆಳೆದವರು.

ದಾದಿಯರ ಪುಸ್ತಕದಲ್ಲಿ ದೊಡ್ಡಪ್ಪನ ಹೆಸರಿನ ಮುಂದೆ ದಿನವೂ ‘ಊಟ ಮಾಡಿದರು’ ಎಂದು ಬರೆದಿತ್ತು. ಯಾರೂ ಸುಳ್ಳು ಬರೆದಿರಲಿಲ್ಲ. ಊಟ ಹೊತ್ತು ಹೊತ್ತಿಗೆ ಅವರ ಮುಂದೆ ಬರುತ್ತಿತ್ತು. ಆದರೆ ಹೋದ ತಟ್ಟೆಗೆ ಲೆಕ್ಕವಿತ್ತೇ ಹೊರತು ಮರಳಿ ಬಂದ ತಟ್ಟೆಗೆ ಲೆಕ್ಕವಿರಲಿಲ್ಲ.

ಹದಿನೈದು ದಿನಕ್ಕೊಮ್ಮೆ ಬೆಂಗಳೂರಿನಿಂದ ಆಹಾರತಜ್ಞೆಯೊಬ್ಬರು ಅಲ್ಲಿಗೆ ಬರುತ್ತಿದ್ದರು. ಸಕ್ಕರೆ ಕಾಯಿಲೆಯವರಿಗೆ ಪಥ್ಯದ ಪಟ್ಟಿ ಬರೆದುಕೊಟ್ಟು ಹೋಗುವುದಷ್ಟೇ ಅವರ ಕೆಲಸವೆಂದು ಎಲ್ಲರೂ ತಿಳಿದಿದ್ದರು. ಆ ದಿನ ಅವರು ತೂಕದ ಪುಸ್ತಕವನ್ನು ತರಿಸಿ ನೋಡಿದರು. ಪ್ರಯತ್ನವಿಲ್ಲದೆ ಮೂರರಿಂದ ಆರು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಇಳಿದರೆ ಎಚ್ಚರಿಕೆ, ಹತ್ತನ್ನು ಮೀರಿದರೆ ಅಪಾಯ. ದೊಡ್ಡಪ್ಪನದು ಹನ್ನೊಂದಾಗಿತ್ತು. ಅವರು ನೇರವಾಗಿ ಪಾತ್ರೆ ತೊಳೆಯುವ ಜಾಗಕ್ಕೆ ನಡೆದು, ಅಲ್ಲಿದ್ದ ಆಯಾಳನ್ನು ಕೇಳಿದರು: “ಅಕ್ಕ, ಈ ತಟ್ಟೆ ಹೇಗೆ ವಾಪಸ್ಸು ಬರುತ್ತೆ?”

“ಮುದ್ದೆ ಮುಟ್ಟೋದೇ ಇಲ್ಲ ಮೇಡಂ. ಬಸ್ಸಾರು ಕುಡಿವಾಗಲೆಲ್ಲ ತಾತ ಕೆಮ್ತಾರೆ.”

ಆ ಒಂದು ಮಾತು ಮೂರು ತಿಂಗಳಿಂದ ಆ ಮನೆಯಲ್ಲಿಯೇ ಇತ್ತು, ಕೇಳಿದವರು ಇರಲಿಲ್ಲ. ವೈದ್ಯರಿಗೆ ಪಾರ್ಶ್ವವಾಯು ಗೊತ್ತಿತ್ತು, ದಾದಿಗೆ ರಕ್ತದೊತ್ತಡ ಗೊತ್ತಿತ್ತು, ಅಡುಗೆಯವರಿಗೆ ಮುದ್ದೆಯ ಹದ ಗೊತ್ತಿತ್ತು, ಆಯಾಳಿಗೆ ಕೆಮ್ಮು ಗೊತ್ತಿತ್ತು. ಒಬ್ಬರು ಬಲ್ಲದ್ದು ಇನ್ನೊಬ್ಬರಿಗೆ ತಲುಪಿರಲಿಲ್ಲ.

ಮುಂದಿನ ವಾರ ಅವರೆಲ್ಲರನ್ನೂ ಆಹಾರತಜ್ಞೆ ಅಡುಗೆಮನೆಯ ಮೇಜಿನ ಸುತ್ತ ಕೂರಿಸಿದರು. ನುಂಗುವಿಕೆಯನ್ನು ಪರೀಕ್ಷಿಸಲು ವಾಕ್ ಚಿಕಿತ್ಸಕರೊಬ್ಬರನ್ನೂ ಕರೆಸಿದ್ದರು. ಮೈಸೂರಿನಲ್ಲಿ ೧೯೬೫ರಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಆರಂಭವಾದಂದಿನಿಂದ ಇಂಥವರು ನಮ್ಮ ನಾಡಿನಲ್ಲಿಯೇ ತರಬೇತಿ ಪಡೆಯುತ್ತಿದ್ದಾರೆ. ಪಾರ್ಶ್ವವಾಯುವಿನಿಂದ ಗಂಟಲು ದುರ್ಬಲವಾದವರಿಗೆ ತೆಳುವಾದ ದ್ರವವೇ ಹೆಚ್ಚು ಅಪಾಯಕಾರಿ, ಅದು ಅನ್ನನಾಳಕ್ಕೆ ಬದಲಾಗಿ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ತರಬಲ್ಲದು ಎಂದು ಅವರು ವಿವರಿಸಿದರು. ಅಗಿಯದೆ ನುಂಗುವ ನಮ್ಮ ಮುದ್ದೆಯ ತುತ್ತು ಅಂಟಿಕೊಂಡು ಉಸಿರು ಕಟ್ಟಿಸಬಲ್ಲದು.

ಹಾಗಾದರೆ ರಾಗಿಯನ್ನೇ ಬಿಡಿಸಬೇಕೆ? “ಬೇಡ” ಎಂದರು ಆಹಾರತಜ್ಞೆ. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೬೪ ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ೨೦೧೭ರ ಕೋಷ್ಟಕ ಹೇಳುತ್ತದೆ. ಆದರೆ ಅವರು ನೀಡಿದ ಕಾರಣ ಬೇರೆ: “ಇದು ಅವರ ಊಟ.” ಆಹಾರದ ಹದವನ್ನು ಸೊನ್ನೆಯಿಂದ ಏಳರವರೆಗೆ ಎಂಟು ಹಂತಗಳಲ್ಲಿ ಗುರುತಿಸುವ ಅಂತರರಾಷ್ಟ್ರೀಯ ಅಳತೆಯೊಂದಿದೆ. ಅದರಂತೆ, ಚಮಚವನ್ನು ಓರೆ ಮಾಡಿದಾಗ ಅಂಟಿಕೊಳ್ಳದೆ, ನೀರಿನಂತೆ ಸುರಿಯದೆ, ಒಟ್ಟಾಗಿ ಜಾರುವ ಹದದಲ್ಲಿ ರಾಗಿಯನ್ನು ಬೇಯಿಸುವುದನ್ನು ಅಡುಗೆಯಮ್ಮ ಎರಡೇ ದಿನದಲ್ಲಿ ಕಲಿತರು. ಬಸ್ಸಾರಿಗೆ ಕಾಳನ್ನು ನುಣ್ಣಗೆ ಅರೆದು ಸೇರಿಸಿ ಮಂದ ಮಾಡಿದರು. ಮೊಸರೂ ಮೊಟ್ಟೆಯೂ ಸೇರಿದವು. ಬೆನ್ನು ನೆಟ್ಟಗೆ ಕೂರಿಸುವುದು, ಉಂಡ ಮೇಲೆ ಅರ್ಧ ಗಂಟೆ ಮಲಗಿಸದಿರುವುದು ಆಯಾಳ ಹೊಣೆಯಾಯಿತು. ತಟ್ಟೆಯಲ್ಲಿ ಪೂರ್ತಿ ಉಳಿಯಿತೇ, ಅರ್ಧವೇ, ಕಾಲೇ ಎಂಬುದನ್ನು ಆಕೆ ಹೇಳಿದಂತೆ ದಾದಿ ಬರೆಯತೊಡಗಿದರು.

ಅದೇ ಮೇಜಿನಲ್ಲಿ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ರಾಮನಗರದ ಹಿರಿಯರೊಬ್ಬರಿಗೆ ಬೆಳಿಗ್ಗೆ ಇನ್ಸುಲಿನ್ ಚುಚ್ಚಿದ ಒಂದು ಗಂಟೆಯ ನಂತರ ತಿಂಡಿ ಬರುತ್ತಿತ್ತು. ಅವರಿಗೆ ಬೆವರಿ ತಲೆ ಸುತ್ತುತ್ತಿದ್ದುದು ಮುಪ್ಪಿನಿಂದ ಎಂದು ಎಲ್ಲರೂ ಭಾವಿಸಿದ್ದರು. ದಾದಿಯೂ ಅಡುಗೆಯವರೂ ಗಡಿಯಾರ ನೋಡಿಕೊಂಡು ಒಪ್ಪಂದಕ್ಕೆ ಬಂದಾಗ ಆ ಬವಳಿ ನಿಂತಿತು.

ಆಗ ವಾಕ್ ಚಿಕಿತ್ಸಕರು ನನ್ನತ್ತ ತಿರುಗಿ, “ನೀವು ಬಂದಾಗ ಏನು ಕೊಡುತ್ತೀರಿ?” ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಪ್ರತಿ ಭಾನುವಾರ ಪ್ರೀತಿಯಿಂದ ಎಳನೀರು ಒಯ್ದು ಕುಡಿಸುತ್ತಿದ್ದವನು ನಾನೇ. ಅವರು ಕೆಮ್ಮಿದರೆ ಬೆನ್ನು ಸವರಿ, ಮತ್ತೆ ಲೋಟ ಹಿಡಿಯುತ್ತಿದ್ದೆ. ಆ ಮನೆಯವರ ಮೇಲೆ ಮನಸ್ಸಿನಲ್ಲಿಯೇ ಹೊರಿಸಿದ್ದ ದೂರೆಲ್ಲ ಅಲ್ಲಿಯೇ ಕರಗಿತು.

ಅಮೆರಿಕದಲ್ಲಿ ವೃದ್ಧರ ಆರೈಕೆ ಮನೆಗಳನ್ನು ೧೯೮೭ರ ಕಾನೂನು ಸುಧಾರಿಸಿತು. ಅಲ್ಲಿನ ೨೦೧೬ರ ನಿಯಮಗಳು ಆರೈಕೆಯ ಯೋಜನೆ ರೂಪಿಸುವ ತಂಡದಲ್ಲಿ ವೈದ್ಯರು, ದಾದಿಯರ ಜೊತೆಗೆ ಆಯಾ ಮತ್ತು ಆಹಾರ ವಿಭಾಗದವರೂ ಇರಬೇಕೆನ್ನುತ್ತವೆ. ನಮ್ಮಲ್ಲಿ ಹಿರಿಯ ನಾಗರಿಕರ ೨೦೦೭ರ ಕಾಯ್ದೆ ಜಿಲ್ಲೆಗೊಂದಾದರೂ, ಕನಿಷ್ಠ ೧೫೦ ಬಡ ವೃದ್ಧರಿಗೆ ಸ್ಥಳವಿರುವ ಆಶ್ರಮದ ಮಾತನ್ನಾಡಿದೆ. ೨೦೨೧ರ ಕಾಯ್ದೆಯೊಂದು ಆಹಾರತಜ್ಞರನ್ನು ಆರೋಗ್ಯ ವೃತ್ತಿಪರರೆಂದು ಗುರುತಿಸಿದೆ. ಇವೆಲ್ಲ ಬೇಕು. ಆದರೆ ಎಲ್ಲಿಯ ಕಾನೂನೇ ಆಗಲಿ, ತಟ್ಟೆ ತೊಳೆಯುವವಳ ಮಾತಿಗೆ ಕಿವಿಗೊಡುವ ವಿನಯವನ್ನು ಕೊಡಲಾರದು. ಅದನ್ನು ನಾವೇ ಕಲಿಯಬೇಕು.

ಎರಡು ತಿಂಗಳಲ್ಲಿ ದೊಡ್ಡಪ್ಪನ ತೂಕ ೫೦ ಕಿಲೋ ದಾಟಿತು. “ಇದೇನು ಮುದ್ದೆ ಅಲ್ಲ ಬಿಡು” ಎಂದು ಗೊಣಗುತ್ತಲೇ ಎಡಗೈಯಲ್ಲಿ ಚಮಚ ಹಿಡಿದು ಬಟ್ಟಲು ಬರಿದು ಮಾಡುತ್ತಿದ್ದರು. ಅನಂತರ ಒಂದೂವರೆ ವರ್ಷ ಬದುಕಿದರು. ಉಣ್ಣಲಾಗದ ಸಂಕಟ ಮತ್ತೆ ಅವರನ್ನು ಕಾಡಲಿಲ್ಲ.

ಪ್ರಿಯ ಓದುಗರೇ, ನಿಮ್ಮವರೂ ಇಂಥ ಮನೆಯೊಂದರಲ್ಲಿರಬಹುದು. ಮುಂದಿನ ಸಲ ಹೋದಾಗ ಊಟದ ಹೊತ್ತಿಗೇ ಹೋಗಿ, ಕೊನೆಯ ತುತ್ತಿನವರೆಗೂ ಪಕ್ಕದಲ್ಲಿ ಕುಳಿತಿರಿ. ತೂಕದ ಪುಸ್ತಕವನ್ನು ತೋರಿಸಿರೆಂದು ವಿನಂತಿಸಿರಿ. ಹೊರಡುವ ಮುನ್ನ ಪಾತ್ರೆ ತೊಳೆಯುವ ಜಾಗಕ್ಕೆ ಹೋಗಿ, ಅಲ್ಲಿರುವ ತಾಯಿಯನ್ನು ಒಂದು ಮಾತು ಕೇಳಿರಿ: “ಅಕ್ಕ, ತಟ್ಟೆ ಹೇಗೆ ವಾಪಸ್ಸು ಬರುತ್ತೆ?”