ಸೂಜಿಗೂ ಒಂದು ಕಾಲವಿದೆ

ಹಳೆಯ ಬಟ್ಟೆಯನ್ನು ಎಸೆಯಲಾರದ ಹೆಂಗಸರು ಎಲ್ಲ ಊರಿನಲ್ಲೂ ಇರುತ್ತಾರೆ. 1911ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ, ಮದುವೆಯಾಗಿ 1938ರಲ್ಲಿ ನ್ಯೂಯಾರ್ಕಿಗೆ ಹೋಗಿ ನೆಲೆಸಿದ ಶಿಲ್ಪಿ ಲೂಯಿಸ್ ಬೂರ್ಜ್ವಾ ಅಂಥವರಲ್ಲೊಬ್ಬಳು. ತೊಟ್ಟ ಉಡುಪು, ಒಳಲಂಗ, ಮದುವೆಯ ಕಾಲದ ಟವೆಲ್ಲು ಎಲ್ಲವನ್ನೂ ದಶಕಗಟ್ಟಲೆ ಪೇರಿಸಿಟ್ಟಿದ್ದಳು. ಎಂಬತ್ತು ದಾಟಿದ ಮೇಲೆ ಅವನ್ನು ಒಂದೊಂದಾಗಿ ಹೊರತೆಗೆದು, ಕತ್ತರಿಸಿ, ಹೊಲಿದು ಶಿಲ್ಪ ಮಾಡತೊಡಗಿದಳು. ಅವುಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬಟ್ಟೆಯ ತಲೆಗಳು.

ಒಂದು ಗುಲಾಬಿ ಬಟ್ಟೆಯದು, ಇನ್ನೊಂದು ಟವೆಲ್ಲಿನದು, ಮತ್ತೊಂದು ಟೇಪೆಸ್ಟ್ರಿಯ ತುಂಡುಗಳದು. ಬಾಯಿ ಅರ್ಧ ತೆರೆದಿರುತ್ತದೆ, ಏನೋ ಹೇಳಲು ಹೊರಟು ತಡೆದಂತೆ. ಹೊಲಿಗೆಯನ್ನು ಮುಚ್ಚಿಡುವ ಪ್ರಯತ್ನವೇ ಇಲ್ಲ. ಆಪರೇಷನ್ ಆದ ಗಾಯಕ್ಕೆ ಹಾಕಿದ ಹಾಗೆ ಕೆನ್ನೆಯ ಮೇಲೆ, ಹಣೆಯ ಮೇಲೆ ದಪ್ಪ ಹೊಲಿಗೆಗಳು. ನಾನಿವನ್ನು ಫೋಟೋಗಳಲ್ಲಷ್ಟೇ ನೋಡಿದ್ದೇನೆ. ಆದರೂ ಮೊದಲ ಸಲ ನೋಡಿದಾಗ, ಈ ಮುಖ ನನಗೆ ಗೊತ್ತು ಅನ್ನಿಸಿತು.

ಮೂರು ವರ್ಷ ನಾನೊಂದು ಸಂಬಂಧದಲ್ಲಿದ್ದೆ. ಅವನು ಕೈ ಎತ್ತಿದವನಲ್ಲ. ಯಾವ ಬಣ್ಣದ ಕುರ್ತಾ ಹಾಕಬೇಕು, ಯಾರ ಫೋನ್ ಎತ್ತಬೇಕು, ಗೆಳತಿಯರ ಜೊತೆ ಎಷ್ಟು ಹೊತ್ತು ನಗಬೇಕು ಅನ್ನುವುದನ್ನೆಲ್ಲ “ನಿನ್ನ ಒಳ್ಳೇದಕ್ಕೇ ಹೇಳೋದು” ಎನ್ನುತ್ತ ತೀರ್ಮಾನಿಸುತ್ತಿದ್ದ. ಬಿಟ್ಟು ಬಂದು ಎರಡು ವರ್ಷವಾದ ಮೇಲೂ ಅಂಗಡಿಯಲ್ಲಿ ಬಟ್ಟೆ ಆರಿಸುವಾಗ ಅವನ ಹುಬ್ಬು ಗಂಟಿಕ್ಕುವುದು ಕಣ್ಣಮುಂದೆ ಬರುತ್ತಿತ್ತು. “ಬಿಟ್ಟಾಕು ಅತ್ಲಾಗೆ” ಎಂದು ಎಲ್ಲರೂ ಹೇಳುತ್ತಿದ್ದರು. ಹೇಗೆ ಬಿಡುವುದು ಅಂತ ಮಾತ್ರ ಯಾರೂ ಹೇಳಲಿಲ್ಲ.

ಬೂರ್ಜ್ವಾಳ ಬದುಕಿನ ಕಥೆಯನ್ನು ಹುಡುಕಿ ಓದಿದ್ದು ಅದಕ್ಕೇ. ಆಕೆಯ ತಂದೆತಾಯಿ ಹಳೆಯ ಟೇಪೆಸ್ಟ್ರಿಗಳನ್ನು, ಅಂದರೆ ಗೋಡೆಗೆ ತೂಗುಹಾಕುವ ನೇಯ್ದ ಚಿತ್ರಗಳನ್ನು, ದುರಸ್ತಿ ಮಾಡಿ ಮಾರುತ್ತಿದ್ದರು. ಅವುಗಳ ಕೆಳಭಾಗ ಸವೆದು ಚಿತ್ರದ ಮನುಷ್ಯರ ಪಾದಗಳೇ ಇಲ್ಲವಾಗಿರುತ್ತಿದ್ದವು. ಆ ಪಾದಗಳನ್ನು ಬರೆದುಕೊಡುವ ಕೆಲಸ ಹುಡುಗಿ ಲೂಯಿಸ್‌ಳದು. ಅದೇ ಮನೆಗೆ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಸೇಡಿ ಎಂಬ ತರುಣಿ ಬಂದಳು. ಅವಳು ತಂದೆಯ ಪ್ರೇಯಸಿಯೂ ಆಗಿ ವರ್ಷಗಟ್ಟಲೆ ಅದೇ ಸೂರಿನಡಿ ಇದ್ದಳು. ತಾಯಿಗೆ ಗೊತ್ತಿತ್ತು. ತಾಯಿ ಸುಮ್ಮನಿದ್ದಳು. ಮಂದಿಯ ಮನೆಯ ಹರಕುಗಳನ್ನೆಲ್ಲ ಕೂಡಿಸುತ್ತಿದ್ದವಳು ತನ್ನ ಮನೆಯ ಹರಕಿನ ಬಗ್ಗೆ ಬಾಯಿ ಬಿಡಲಿಲ್ಲ. ಮಗಳಿಗೆ ಮಾತ್ರ ಬದುಕಿಡೀ ಅದನ್ನು ಮರೆಯಲಾಗಲಿಲ್ಲ.

ಸೂಜಿ ಇರುವುದು ಆದ ಹಾನಿಯನ್ನು ಸರಿಪಡಿಸುವುದಕ್ಕೆ, ಅದರಲ್ಲಿ ಕ್ಷಮೆಯ ಕೋರಿಕೆಯಿದೆ ಎಂಬರ್ಥದ ಆಕೆಯ ಮಾತು ಬಹಳ ಪ್ರಸಿದ್ಧ. ಅದನ್ನು ಓದಿದಾಗ ನನಗೆ ಸಿಟ್ಟು ಬಂತು. ನಮ್ಮ ಕಡೆ ಹೆಣ್ಣುಮಕ್ಕಳ ಕೈಗೆ ಸೂಜಿ ಕೊಟ್ಟವರು ಇನ್ನೇನು ಹೇಳಿಕೊಟ್ಟಿದ್ದಾರೆ? ಹರಿದರೆ ಹೊಲಿ, ಹೊಂದಿಕೊಂಡು ಹೋಗು, ನಾಲ್ಕು ಜನಕ್ಕೆ ಕಾಣದ ಹಾಗೆ ತೇಪೆ ಹಾಕು.

ಆದರೆ ಆಕೆಯ ಕೆಲಸಗಳನ್ನು ಇಸವಿಯ ಪ್ರಕಾರ ಜೋಡಿಸಿಕೊಂಡಾಗ ಬೇರೆಯದೇ ಕಂಡಿತು. 1974ರಲ್ಲಿ ಆಕೆ ‘ತಂದೆಯ ವಿನಾಶ’ ಎಂಬ ಕೃತಿ ಮಾಡಿದಳು. ಕೆಂಪು ಬೆಳಕಿನ ಗುಹೆಯಂಥ ಕೃತಿ ಅದು. ಊಟದ ಹೊತ್ತಿನಲ್ಲಿ ಬರೀ ತನ್ನ ದೊಡ್ಡಸ್ತಿಕೆ ಕೊಚ್ಚುವ ಅಪ್ಪನನ್ನು ಮನೆಯವರೆಲ್ಲ ಸೇರಿ ಮೇಜಿನ ಮೇಲೆಳೆದು ತಿಂದುಹಾಕುವ ಕಲ್ಪನೆ ಅದರದು. ಆಗ ಆಕೆಗೆ 62 ವರ್ಷ. ಅಪ್ಪ ಸತ್ತು 23 ವರ್ಷವಾಗಿತ್ತು. ಸೇಡಿಯ ವಿಷಯವನ್ನು ಒಂದು ಕಲಾಪತ್ರಿಕೆಯಲ್ಲಿ ಜಗತ್ತಿಗೆ ಹೇಳಿದ್ದು 1982ರಲ್ಲಿ. ಬಟ್ಟೆಗಳು ಕಪಾಟಿನಿಂದ ಹೊರಬಂದದ್ದು ತೊಂಬತ್ತರ ದಶಕದಲ್ಲಿ. ಮೊದಲು ಸಿಟ್ಟು, ಆಮೇಲೆ ಮಾತು, ಎಷ್ಟೋ ಕಾಲದ ನಂತರ ಸೂಜಿ. ಕ್ಷಮಿಸಿಬಿಡು ಎಂದು ಅವಸರ ಮಾಡುವವರು ಮೊದಲೆರಡನ್ನು ದಾಟಿಸಿ ನೇರ ಸೂಜಿಯನ್ನೇ ಕೈಗೆ ಕೊಡುತ್ತಾರೆ. ತಾಯಿಯ ಕಸುಬು ಹರಕು ಕಾಣದ ಹಾಗೆ ಹೊಲಿಯುವುದಾಗಿತ್ತು. ಮಗಳು ಹರಕು ಕಾಣುವ ಹಾಗೆಯೇ ಹೊಲಿದಳು.

ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲೂ ಇಂಥದ್ದೊಂದು ಗುಣವಿದೆ. ನಮ್ಮಜ್ಜಿಯ ಕೌದಿಯಲ್ಲಿ ಯಾವ ತುಂಡು ಯಾರ ಸೀರೆಯದು ಎಂದು ಬೆರಳಿಟ್ಟು ಹೇಳಬಹುದಿತ್ತು. ತೀರಿಕೊಂಡವರದು, ಜಗಳವಾಡಿ ಮಾತು ಬಿಟ್ಟವರದು ಎಲ್ಲ ಅಕ್ಕಪಕ್ಕದಲ್ಲೇ. ಕೌದಿಯಾದ ಮೇಲೆ ಅದು ಯಾರ ಸೀರೆಯೂ ಅಲ್ಲ, ಹೊದ್ದು ಮಲಗಬಹುದು.

ಕಳೆದ ಬೇಸಿಗೆಯಲ್ಲಿ ಅವನೇ ಆರಿಸಿಕೊಟ್ಟಿದ್ದ ಬೂದು ಬಣ್ಣದ ಕುರ್ತಾದ ಬೆನ್ನಿನ ಭಾಗ ಕತ್ತರಿಸಿ, ಕಸೂತಿಯ ರಿಂಗಿಗೆ ಸಿಕ್ಕಿಸಿ, ಅವನ ಮುಖ ಹೊಲಿಯಲು ಕೂತೆ. ಫೋಟೋಗಳನ್ನೆಲ್ಲ ಅಳಿಸಿಹಾಕಿದ್ದೆ, ನೆನಪಿನಿಂದಲೇ ಬರೆದುಕೊಂಡೆ. ಮುಖ ಹೊಲಿಯುವುದು ಬಲು ನಿಧಾನದ ಕೆಲಸ. ಹುಬ್ಬುಗಳಿಗೇ ಎರಡು ಸಂಜೆ ಹಿಡಿಯಿತು. ಆ ಹುಬ್ಬು ಗಂಟಿಕ್ಕಿದರೆ ನಾನು ಮಾತು ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ಎರಡು ಸಂಜೆ ಅದನ್ನೇ ದಿಟ್ಟಿಸುತ್ತ ಕೂತ ಮೇಲೆ ಅದು ಕಪ್ಪು ದಾರದ ಒಂದಷ್ಟು ಹೊಲಿಗೆ, ಅಷ್ಟೇ ಅನ್ನಿಸಿತು. ಎಷ್ಟು ಗಂಟಿಕ್ಕಬೇಕು ಎಂಬುದೀಗ ನನ್ನ ಕೈಯಲ್ಲಿತ್ತು.

ಬಟ್ಟೆ ತಿರುಗಿಸಿದರೆ ಇನ್ನೊಂದು ಮುಖ. ಎಡ ಬಲವಾಗಿದೆ. ತುಂಬ ಗಂಟುಗಳು, ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಹಾರಿದ ದಾರ. “ಅಷ್ಟು ಒಳ್ಳೇ ಹುಡುಗ, ನಿಂದೇ ಏನೋ ಭ್ರಮೆ” ಎಂದಿದ್ದವರಿಗೆ ನಾನು ಕೊಡಲಾಗದೇ ಹೋದ ಉತ್ತರ ಅಲ್ಲಿತ್ತು. ಅವರು ನೋಡಿದ್ದೂ ಸುಳ್ಳಲ್ಲ, ನಾನು ನೋಡಿದ್ದೂ ಸುಳ್ಳಲ್ಲ. ಎರಡೂ ಒಂದೇ ದಾರದ್ದು. ನಾನಿದ್ದದ್ದು ಹಿಂಬದಿಯಲ್ಲಿ.

ಅವನನ್ನು ಕ್ಷಮಿಸಿದ್ದೇನೆಯೇ ಎಂದು ಗೆಳತಿಯೊಬ್ಬಳು ಕೇಳಿದಳು. ಇಲ್ಲ ಎಂದೆ. ಆದರೆ ಈಗ ಅವನಿಗೊಂದು ಅಳತೆಯಿದೆ: ಒಂದು ಗೇಣು ಅಗಲದ ಬಟ್ಟೆ. ಮಡಚಿ ಎಲ್ಲಿಡಬೇಕೋ ಅಲ್ಲಿಡಬಹುದು. ಮೊದಲು ಅವನು ಇಡೀ ಮನೆ ತುಂಬಿಕೊಂಡಿದ್ದ.

ಬೂರ್ಜ್ವಾ 2002ರಲ್ಲಿ ಬಟ್ಟೆಯದೇ ಒಂದು ಪುಸ್ತಕ ಮಾಡಿದಳು. ಅದರ ಫ್ರೆಂಚ್ ಹೆಸರಿಗೆ ಮರೆವಿನ ಸ್ತುತಿ ಎಂಬ ಅರ್ಥ. ಮರೆವಿನ ಹೆಸರಿನ ಆ ಪುಸ್ತಕದ ಪುಟಗಳು ಯಾವುವು ಎಂದರೆ, ಮದುವೆಯ ಕಾಲದಿಂದ ಜೋಪಾನ ಮಾಡಿಟ್ಟಿದ್ದ, ತನ್ನ ಹೆಸರಿನ ಅಕ್ಷರಗಳನ್ನು ಕಸೂತಿ ಮಾಡಿದ್ದ ಅದೇ ಟವೆಲ್ಲುಗಳು. ಅವುಗಳ ಮೇಲೆ ಹಳೆಯ ಉಡುಪುಗಳ ತುಂಡುಗಳನ್ನು ಕೂಡಿಸಿದ್ದಾಳೆ. ಪುಟಗಳನ್ನು ಬಿಡಿಸಿ ಬೇರೆ ಬೇರೆಯಾಗಿಯೂ ಇಡಬಹುದು.